ಮಳೆಗಾಲದ ಬೆಳಗಿನಲ್ಲಿ ಹೊಳೆ ನೋಡುವುದು, ಚಿತ್ರ ತೆಗೆಯುವುದು

ಹೊಳೆಯ ಚಿತ್ರ ತೆಗೆಯುವ ಕೆಲಸ ಮಳೆ ಬಿದ್ದ ಮೇಲೆ ಶುರುವಾಗುತ್ತದೆ ಎಂದು ತಿಳಿದವರೇ ಹೆಚ್ಚು. ಅದು ಶುರುವಾಗಬೇಕಾದದ್ದು ಏಪ್ರಿಲ್ ತಿಂಗಳಲ್ಲಿ, ಕಾವೇರಿಯ ಬಂಡೆಗಳು ಬೆನ್ನು ಮೇಲೆ ಮಾಡಿ ಬಿಸಿಲು ಕಾಯಿಸಿಕೊಳ್ಳುತ್ತಿರುವಾಗ, ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಆಚೆ ದಡಕ್ಕೆ ನಡೆದು ಹೋಗುವಾಗ. ಆ ದಿನ ತೆಗೆದ ಒಂದು ಚಿತ್ರ ಕೈಯಲ್ಲಿ ಇಲ್ಲದಿದ್ದರೆ ಜುಲೈಯಲ್ಲಿ ತೆಗೆದ ನೂರು ಚಿತ್ರಗಳೂ ಬರೀ ಕೆಂಪು ನೀರಿನ ಚಿತ್ರಗಳಾಗಿ ಉಳಿಯುತ್ತವೆ. ಅವನ್ನು ನೋಡಿದವರಿಗೆ ಭಯವಾದೀತೇ ಹೊರತು ನೀರು ಎಷ್ಟು ಏರಿದೆ ಎಂಬುದು ತಿಳಿಯುವುದಿಲ್ಲ.

ಕರಾವಳಿಯಲ್ಲಿ ಸರ್ಫಿಂಗ್ ಮಾಡುವವರು ಬೆಳಕು ಹರಿಯುತ್ತಲೇ ತೀರಕ್ಕೆ ಹೋಗಿ ಅಲೆ, ಗಾಳಿ, ಉಬ್ಬರ ಇಳಿತಗಳನ್ನು ನೋಡಿ, ಒಂದು ಚಿತ್ರ ತೆಗೆದು ಗೆಳೆಯರಿಗೆ ಕಳುಹಿಸುವ ರೂಢಿ ಇಟ್ಟುಕೊಂಡಿದ್ದಾರೆ. ಕೊಡಗಿನಲ್ಲಿ ಕಡಲಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಬದಿಯಲ್ಲಿ ಮನೆ, ಗದ್ದೆ, ತೋಟ ಇರುವವರಿಗೆ ಅಂಥದೇ ಒಂದು ಬೆಳಗಿನ ಕೆಲಸ ಇದ್ದೇ ಇರುತ್ತದೆ. ಕಡಲಿನ ಉಬ್ಬರ ಯಾವ ಹೊತ್ತಿಗೆ ಬರುತ್ತದೆ ಎಂದು ವರ್ಷದ ಮೊದಲೇ ಅಚ್ಚು ಹಾಕಿ ಇಡಬಹುದು. ಹೊಳೆಯ ಉಬ್ಬರ ಹಾಗಲ್ಲ, ಅದನ್ನು ದಿನವೂ ಹೋಗಿ ನೋಡಿಯೇ ತಿಳಿಯಬೇಕು. ಆ ನೋಡುವಿಕೆಯನ್ನು ಸ್ವಲ್ಪ ಶಿಸ್ತಿನಿಂದ, ನಾಲ್ಕು ಜನರಿಗೆ ಉಪಯೋಗಕ್ಕೆ ಬರುವಂತೆ, ಮುಖ್ಯವಾಗಿ ಜೀವಕ್ಕೆ ಅಪಾಯ ತಂದುಕೊಳ್ಳದೆ ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಲ್ಲುವ ಜಾಗ ಮತ್ತು ಗುರುತು

ಮೊದಲ ಕೆಲಸ ಜಾಗ ಆರಿಸುವುದು. ಚಿತ್ರ ಚೆಂದ ಬರುವ ಜಾಗವನ್ನಲ್ಲ, ಮಹಾ ಪ್ರವಾಹದಲ್ಲೂ ನಿಲ್ಲಬಹುದಾದ ಜಾಗವನ್ನು ಆರಿಸಿಕೊಳ್ಳಬೇಕು. 2018 ಮತ್ತು 2019ರ ಆಗಸ್ಟ್‌ನಲ್ಲಿ ನಿಮ್ಮ ಊರಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು, ಹೊಳೆ ಬದಿಯ ತೋಟದ ಕಾರ್ಮಿಕರ ಲೈನ್ ಮನೆಯವರನ್ನು ಕೇಳಿದರೆ ಅವರು ಗೋಡೆಯ ಮೇಲೆ ಕೈಯಿಟ್ಟೇ ತೋರಿಸುತ್ತಾರೆ. ಸಿದ್ದಾಪುರದ ಬಳಿಯ ಹೊಳೆಯಂಚಿನ ಊರುಗಳಾದ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಲ್ಲಿ ಹೀಗೆ ಕೈಯಿಟ್ಟು ತೋರಿಸಬಲ್ಲವರಿಗೆ ಕೊರತೆಯಿಲ್ಲ. ಆ ಮಟ್ಟಕ್ಕಿಂತ ಸಾಕಷ್ಟು ಮೇಲೆ, ಹಿಂದಕ್ಕೆ ಸರಿಯಲು ದಾರಿ ಇರುವಲ್ಲಿ, ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಕುಸಿಯುವ ಭಯವಿಲ್ಲದ ಗಟ್ಟಿ ನೆಲದ ಮೇಲೆ ನಿಲ್ಲುವಂತಿರಬೇಕು. ಅಗಲವಾದ, ಕಾಲುದಾರಿಯಿರುವ ಸೇತುವೆಯ ತುದಿ ಒಳ್ಳೆಯದು. ತೂಗುಸೇತುವೆಯ ನಡುಭಾಗ ಖಂಡಿತ ಒಳ್ಳೆಯದಲ್ಲ.

ಎರಡನೆಯದು, ಚೌಕಟ್ಟಿನೊಳಗೆ ಕದಲದ ಗುರುತೊಂದು ಇರಬೇಕು. ಸ್ನಾನಘಟ್ಟದ ಮೆಟ್ಟಿಲು, ಸೇತುವೆಯ ಕಂಬ, ಆಚೆ ದಡದ ದೊಡ್ಡ ಬಂಡೆ, ಯಾವುದಾದರೂ ಸರಿ. ಮೆಟ್ಟಿಲು ಎಲ್ಲಕ್ಕಿಂತ ಉತ್ತಮ, ಏಕೆಂದರೆ ಅದು ತಾನೇ ಒಂದು ಅಳತೆಗೋಲು. ಒಂದು ಮೆಟ್ಟಿಲಿನ ಎತ್ತರವನ್ನು ಬೇಸಿಗೆಯಲ್ಲೇ ಟೇಪು ಹಿಡಿದು ಅಳೆದು ಬರೆದಿಟ್ಟುಕೊಂಡರೆ, ಮಳೆಗಾಲದಲ್ಲಿ ದೂರದಿಂದಲೇ ಎಣಿಸಿ ನೀರು ಎಷ್ಟು ಅಡಿ ಏರಿದೆ ಎಂದು ಹೇಳಬಹುದು. ನಮ್ಮ ಕಡೆ ಹಳಬರು ಮೊದಲಿನಿಂದಲೂ ಈ ಲೆಕ್ಕವನ್ನೇ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಹಾಲಿಗೆ ಹೋಗುವಾಗ ಎದುರಾದ ಅಕ್ಕ ಕೇಳುವುದು ‘ಹೊಳೆ ಹೇಗಿದೆ’ ಎಂದಲ್ಲ, ‘ಎಷ್ಟು ಮೆಟ್ಟಿಲು ಉಂಟು ಅಣ್ಣಾ’ ಎಂದೇ. ಮೆಟ್ಟಿಲು ಇಲ್ಲದ ಕಡೆ ಸ್ವಂತ ತೋಟದ ದಡದಲ್ಲಿ ಬೇಸಿಗೆಯಲ್ಲೇ ಒಂದು ಗಟ್ಟಿ ಕಂಬ ನೆಟ್ಟು, ಅಡಿಗೊಂದು ಬಿಳಿ ಪಟ್ಟಿ, ಅದರ ನಡುವೆ ಒಂದು ಕೆಂಪು ಪಟ್ಟಿ ಬಳಿದುಕೊಳ್ಳಬಹುದು. ಸರ್ಕಾರಿ ಸೇತುವೆಯ ಕಂಬಕ್ಕೆ ಬಣ್ಣ ಬಳಿಯುವ ಕೆಲಸ ಮಾತ್ರ ಬೇಡ. ಅದರ ಮೇಲೆ ಪಾಚಿ ಎಳೆದ ಗೆರೆಯೂ ಕಾಂಕ್ರೀಟಿನ ಸಂದೂ ಗುರುತಿಗೆ ಸಾಕು.

ಮೂರನೆಯದು, ಕಾಲಿಡುವ ಜಾಗಕ್ಕೂ ಒಂದು ಗುರುತು. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಮೊದಲ ವರ್ಷ ಒಂದು ದಿನ ಕೆಸರು ಎಂದು ನಾಲ್ಕು ಹೆಜ್ಜೆ ಎಡಕ್ಕೆ, ಇನ್ನೊಂದು ದಿನ ಮರದ ಹನಿ ಬೀಳುತ್ತದೆಂದು ಬಲಕ್ಕೆ ನಿಂತು ತೆಗೆದೆ. ವರ್ಷದ ಕೊನೆಗೆ ಎಲ್ಲವನ್ನೂ ಜೋಡಿಸಿದಾಗ ಒಂದರಲ್ಲಿ ಬಂಡೆ ಮರದ ಮುಂದೆ, ಇನ್ನೊಂದರಲ್ಲಿ ಮರದ ಹಿಂದೆ. ಏನನ್ನೂ ಹೋಲಿಸುವಂತಿರಲಿಲ್ಲ. ಈಗ ಬೇಲಿಯ ಒಂದು ಕಲ್ಲುಕಂಬಕ್ಕೆ ಬೆನ್ನು ಒರಗಿಸಿ, ಫೋನಿನ ಪರದೆಯ ಚೌಕುಳಿ ಗೆರೆಗಳ ಮೇಲಿನ ಅಡ್ಡಗೆರೆಯನ್ನು ಆಚೆ ದಡದ ತೋಟದ ಬೇಲಿಗೆ ಹೊಂದಿಸಿ ತೆಗೆಯುತ್ತೇನೆ. ಏಪ್ರಿಲ್‌ನ ಚಿತ್ರವನ್ನು ಸಣ್ಣದಾಗಿ ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಜೇಬಿನಲ್ಲಿ ಇಟ್ಟುಕೊಂಡರೆ ಚೌಕಟ್ಟು ಹೊಂದಿಸುವುದು ಇನ್ನೂ ಸುಲಭ.

ಮನೆ ಬಿಡುವ ಮೊದಲು

ಹೊಳೆಗೆ ಹೋಗುವ ಮುಂಚೆ ಮಳೆಯ ಲೆಕ್ಕ ತಿಳಿದಿರಬೇಕು. ನಮ್ಮ ಕಾಫಿ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು, ಸೆಂಟುಗಳಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಹವಾಮಾನ ಇಲಾಖೆ ದಿನವೊಂದಕ್ಕೆ 64.5 ಮಿಲಿಮೀಟರ್ ದಾಟಿದ್ದನ್ನು ಭಾರೀ ಮಳೆ ಎಂದೂ, 115.6ರಿಂದ ಮೇಲಿನದನ್ನು ಅತಿ ಭಾರೀ ಎಂದೂ, 204.4 ದಾಟಿದ್ದನ್ನು ವಿಪರೀತ ಭಾರೀ ಎಂದೂ ಕರೆಯುತ್ತದೆ. ತೋಟದ ಭಾಷೆಗೆ ತಿರುಗಿಸಿದರೆ ಇವು ಸುಮಾರು ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಮಾಧ್ಯಮಗಳಲ್ಲಿ ಬರುವ ಬಣ್ಣದ ಎಚ್ಚರಿಕೆಗಳನ್ನು ಈ ಲೆಕ್ಕದಲ್ಲಿ ಓದಿಕೊಂಡರೆ ಅವುಗಳ ತೂಕ ತಿಳಿಯುತ್ತದೆ. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ ಎಂಬುದನ್ನೂ ನೆನಪಿಡಬೇಕು. ನೀವು ಆರೂವರೆಗೆ ಅಳೆದು ಅವರ ಅಂಕಿಯೊಂದಿಗೆ ಹೋಲಿಸಿದರೆ ಎರಡು ಗಂಟೆಯ ಮಳೆ ಆಚೀಚೆ ಆಗುತ್ತದೆ.

ಮಳೆಮಾಪಕ ಇಲ್ಲದವರು ನೆಟ್ಟಗಿನ ಗೋಡೆಯಿರುವ, ಚಪ್ಪಟೆ ತಳದ ಯಾವುದೇ ಡಬ್ಬಿಯನ್ನು ಮರದಡಿಯಲ್ಲದ ಬಯಲಿನಲ್ಲಿಟ್ಟು ಒಳಗಿನ ನೀರಿನ ಆಳವನ್ನು ಸ್ಕೇಲಿನಿಂದ ಅಳೆಯಬಹುದು. ಒಂದು ಸೆಂಟಿಮೀಟರ್ ಆಳಕ್ಕೆ ಹತ್ತು ಮಿಲಿಮೀಟರ್ ಮಳೆ, ಅಷ್ಟೇ ಲೆಕ್ಕ.

ನಮ್ಮ ಅಂಗಳದ ಮಳೆ ಮಾತ್ರ ಸಾಲದು, ಮೇಲಿನ ಮಳೆ ಬೇಕು. ಕಾವೇರಿ ಭಾಗಮಂಡಲದಿಂದ ನಾಪೋಕ್ಲು ಕಡೆ ಹಾದು, ಬೇತ್ರಿ ದಾಟಿ, ಸಿದ್ದಾಪುರದ ಬಳಿ ಬಂದು, ದುಬಾರೆ, ಕುಶಾಲನಗರಗಳ ಕಡೆಗೆ ಹೋಗುತ್ತದೆ. ಸಿದ್ದಾಪುರದಲ್ಲಿ ಎಳೆಬಿಸಿಲು ಬಿದ್ದಿದ್ದರೂ ಭಾಗಮಂಡಲದಲ್ಲಿ ರಾತ್ರಿಯಿಡೀ ಸುರಿದಿದ್ದರೆ ಮಧ್ಯಾಹ್ನದ ಹೊಳೆ ಬೆಳಗಿನ ಹೊಳೆಯಾಗಿರುವುದಿಲ್ಲ. ಅಲ್ಲಿ ಬಿದ್ದ ಮಳೆ ನಿಮ್ಮ ಗುರುತಿಗೆ ಬಂದು ಮುಟ್ಟಲು ಎಷ್ಟು ಗಂಟೆ ಬೇಕು ಎಂಬುದನ್ನು ಯಾರ ಬಾಯಿಮಾತಿನಿಂದಲೂ ತೆಗೆದುಕೊಳ್ಳದೆ, ಎರಡು ತಿಂಗಳ ನಿಮ್ಮದೇ ದಾಖಲೆಯಿಂದ ಕಂಡುಕೊಳ್ಳುವುದು ಉತ್ತಮ. ಹಾರಂಗಿಯ ವಿಷಯದಲ್ಲಿ ಒಂದು ಗೊಂದಲ ಪದೇಪದೇ ಕಾಣುತ್ತದೆ. ಆ ಜಲಾಶಯದಿಂದ ಬಿಟ್ಟ ನೀರು ಕಾವೇರಿಗೆ ಸೇರುವುದು ಕರಡಿಗೋಡಿಗಿಂತ ಕೆಳಗೆ, ಕೂಡಿಗೆಯ ಬಳಿ. ಆದ್ದರಿಂದ ಹಾರಂಗಿಯ ಗೇಟು ತೆರೆದ ಸುದ್ದಿ ಕೇಳಿ ಕರಡಿಗೋಡಿನವರು ಗಾಬರಿಯಾಗಬೇಕಾಗಿಲ್ಲ, ಗೇಟು ಮುಚ್ಚಿದೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಲಕ್ಷ್ಮಣತೀರ್ಥದ ಕಡೆಯವರ ಲೆಕ್ಕ ಬೇರೆಯೇ. ಅವರು ಇರ್ಪು, ಬ್ರಹ್ಮಗಿರಿ ಕಡೆಯ ಮಳೆ ನೋಡಬೇಕು.

ಆಮೇಲೆ ಆನೆ. ಸಿದ್ದಾಪುರ ಸುತ್ತಿನ ತೋಟಗಳಲ್ಲಿ ರಾತ್ರಿ ಹಲಸಿನ ಹಣ್ಣಿಗೋ ನೀರಿಗೋ ಬಂದ ಆನೆಗಳು ಕಾಡಿಗೆ ಮರಳುವ ಹೊತ್ತು ಮತ್ತು ನಾವು ಹೊಳೆಗೆ ಹೊರಡುವ ಹೊತ್ತು ಒಂದೇ. ಮಂಜು ಕವಿದಾಗ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ, ಮಳೆಯ ಸದ್ದಿನಲ್ಲಿ ಕೊಂಬೆ ಮುರಿಯುವ ಸದ್ದು ಕೇಳುವುದೂ ಇಲ್ಲ. ಅರಣ್ಯ ಇಲಾಖೆಯ ಆನೆ ಸಂಚಾರದ ಸಂದೇಶಗಳನ್ನು ಓದಿಯೇ ಹೊರಡಬೇಕು. ಹಸಿ ಲದ್ದಿ ಕಂಡರೆ, ದಾರಿಯಲ್ಲಿ ಹೊಸದಾಗಿ ಮುರಿದ ಬೈನೆ ಮರ ಕಂಡರೆ ಅಲ್ಲಿಂದಲೇ ಹಿಂದಿರುಗಬೇಕು. ಆ ದಿನದ ಪುಟದಲ್ಲಿ ‘ಆನೆ, ಹೋಗಲಿಲ್ಲ’ ಎಂದು ಬರೆದರೆ ಅದೂ ದಾಖಲೆಯೇ. ಒಬ್ಬರೇ ಹೋಗಬಾರದು. ಹೋಗಲೇಬೇಕಾದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೋಗಬೇಕು. ಜಿಗಣೆಗಳ ಬಗ್ಗೆ ಕೊಡಗಿನವರಿಗೆ ಹೇಳಬೇಕಾದದ್ದು ಏನೂ ಇಲ್ಲ.

ಹತ್ತು ನಿಮಿಷ ಬರೀ ನೋಡುವುದು

ಜಾಗ ತಲುಪಿದ ಕೂಡಲೇ ಫೋನು ತೆಗೆಯಬೇಡಿ. ಜುಲೈಯಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಹುಟ್ಟಿದರೂ ಮೋಡ, ಮಂಜುಗಳ ನಡುವೆ ಚಿತ್ರಕ್ಕೆ ಸಾಕಾಗುವ ಬೆಳಕು ಬರಲು ಏಳು ಗಂಟೆಯಾಗುತ್ತದೆ. ಆ ಮಧ್ಯದ ಹೊತ್ತು ಕಣ್ಣಿಗೂ ಕಿವಿಗೂ ಮೀಸಲು.

ಮೊದಲು ಮಟ್ಟ ಎಣಿಸಬೇಕು. ನಂತರ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು. ಇದಕ್ಕೆ ಅಂಚನ್ನು ಗಮನಿಸುವುದೊಂದೇ ದಾರಿ. ಇಳಿಯುವ ಹೊಳೆ ದಡದ ಹುಲ್ಲಿನ ಮೇಲೆ ಕೆಸರಿನ ಪಟ್ಟಿ ಬಿಟ್ಟು ಹೋಗಿರುತ್ತದೆ, ಹುಲ್ಲು ಹರಿವಿನ ದಿಕ್ಕಿಗೆ ತಲೆ ಬಾಚಿಕೊಂಡಂತೆ ಮಲಗಿರುತ್ತದೆ. ಏರುವ ಹೊಳೆಯ ಅಂಚಿನಲ್ಲಿ ಹುಲ್ಲು ಇನ್ನೂ ಹಸಿರಾಗಿ ನಿಂತಂತೆಯೇ ಮುಳುಗುತ್ತಿರುತ್ತದೆ, ಕೆಸರಿನ ಪಟ್ಟಿ ಇರುವುದಿಲ್ಲ, ಒಣ ತರಗೆಲೆ, ಕಾಫಿ ಸಿಪ್ಪೆ, ಬಿದಿರ ಚೂರು, ಹರಕು ಚಪ್ಪಲಿ ಮುಂತಾಗಿ ದಡದ ಮೇಲೆ ವರ್ಷವಿಡೀ ಬಿದ್ದಿದ್ದೆಲ್ಲ ಒಮ್ಮೆಗೇ ತೇಲತೊಡಗುತ್ತದೆ. ಬೇರು ಸಮೇತ ಮರ ತೇಲಿ ಬಂದರೆ ಮೇಲೆ ಎಲ್ಲೋ ದಡ ಕುಸಿದಿದೆ ಎಂದು ತಿಳಿಯಬೇಕು.

ಬಣ್ಣವನ್ನು ಒಂದೇ ರೀತಿಯ ಪದಗಳಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ನಾನು ಬಳಸುವುದು ನಾಲ್ಕು: ತಿಳಿ, ಕಲಕು, ಹಾಲು ಹಾಕಿದ ಕಾಫಿ, ಇಟ್ಟಿಗೆ. ನಾಲ್ಕನೆಯದು ಬಂದ ದಿನ ಮೇಲಿನ ಬೆಟ್ಟದ ಮಣ್ಣು ಹೊಳೆಯಲ್ಲಿದೆ ಎಂದರ್ಥ.

ವೇಗ ಅಳೆಯಲು ಉಪಕರಣ ಬೇಡ. ಬೇಸಿಗೆಯಲ್ಲಿ ದಡದ ಉದ್ದಕ್ಕೆ ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಮರಗಳನ್ನು ಗುರುತಿಟ್ಟುಕೊಂಡು, ಮಳೆಗಾಲದಲ್ಲಿ ನಡುಹೊಳೆಯ ಒಂದು ಕೊಂಬೆ ಆ ಮರದ ನೇರದಿಂದ ಈ ಮರದ ನೇರಕ್ಕೆ ಬರಲು ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂದು ಫೋನಿನ ಗಡಿಯಾರದಲ್ಲಿ ನೋಡಿದರೆ ಸಾಕು. ಎಂಟು ಸೆಕೆಂಡಾದರೆ ಸೆಕೆಂಡಿಗೆ ಎರಡೂವರೆ ಮೀಟರ್, ಅಂದರೆ ಗಂಟೆಗೆ 9 ಕಿಲೋಮೀಟರ್. ಇದು ಮೇಲ್ಮೈಯ ವೇಗ. ಇಡೀ ಹರಿವಿನ ಸರಾಸರಿ ಸಾಮಾನ್ಯವಾಗಿ ಇದರ 0.85 ಪಾಲು ಎಂದು ಲೆಕ್ಕ ಹಿಡಿಯುತ್ತಾರೆ. ಗಂಟೆಗೆ 9 ಕಿಲೋಮೀಟರ್ ಎಂದರೆ ಕೇಳಲು ಸಣ್ಣದು, ಆದರೆ ನೀರಿನ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ರಭಸದಿಂದ ಹರಿಯುವ ಅರ್ಧ ಅಡಿ ನೀರು ನಿಂತ ಮನುಷ್ಯನ ಕಾಲು ತಪ್ಪಿಸಬಲ್ಲದು, ಎರಡಡಿ ನೀರು ಜೀಪನ್ನೂ ತೇಲಿಸಬಲ್ಲದು. ರಸ್ತೆಗೆ ಅಡ್ಡಲಾಗಿ ಹರಿಯುವ ತೋಡನ್ನು ‘ದಿನಾ ದಾಟುವ ದಾರಿ’ ಎಂಬ ಧೈರ್ಯದಲ್ಲಿ ದಾಟುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಒಂದು ಲಕ್ಷಣವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಮೇಲೆ ಮಳೆ ಬಿಡದೆ ಸುರಿಯುತ್ತಿದ್ದರೂ ತೋಡಿನಲ್ಲೋ ಕೊಲ್ಲಿಯೆಂಬ ಬೆಟ್ಟದ ಹಳ್ಳದಲ್ಲೋ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಸಮಾಧಾನ ಪಡಬಾರದು. ಮೇಲೆ ಮಣ್ಣು ಕುಸಿದು, ಮರಗಳು ಅಡ್ಡ ಬಿದ್ದು ನೀರನ್ನು ತಡೆದು ಹಿಡಿದಿರಬಹುದು. ಆ ಕಟ್ಟೆ ಒಡೆದಾಗ ನೀರು, ಮಣ್ಣು, ಕಲ್ಲು ಎಲ್ಲ ಒಟ್ಟಿಗೆ ಬರುತ್ತವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಬೆಟ್ಟಗಳು ಇಳಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಹಠಾತ್ತಾಗಿ ಇಳಿದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ, ನೆಟ್ಟಗಿದ್ದ ಮರಗಳು ವಾಲಿದರೆ ಆ ಹೊತ್ತಿನಲ್ಲಿ ಚಿತ್ರ ತೆಗೆಯುತ್ತಾ ನಿಲ್ಲದೆ ಹೊಳೆಯ ಪಾತ್ರದಿಂದ ಪಕ್ಕಕ್ಕೆ, ಎತ್ತರದ ಗಟ್ಟಿ ನೆಲಕ್ಕೆ ಹೋಗಿ, ಕೆಳಗಿನ ಮನೆಗಳವರಿಗೆ ತಿಳಿಸಿ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೋ ತುರ್ತು ಸಂಖ್ಯೆ 112ಕ್ಕೋ ಕರೆ ಮಾಡಬೇಕು.

ಚಿತ್ರ

ಚಿತ್ರ ತೆಗೆಯುವ ಕೆಲಸ ನಿಜಕ್ಕೂ ಐದು ನಿಮಿಷದ್ದು. ಫೋನನ್ನು ಅಡ್ಡವಾಗಿ ಹಿಡಿದು, ಝೂಮ್ ಮಾಡದೆ, ಅಗಲ ಕೋನದ ಮಸೂರಕ್ಕೂ ಹೋಗದೆ, ಸಾಮಾನ್ಯ ಮಸೂರದಲ್ಲೇ ಪ್ರತಿದಿನ ತೆಗೆಯಬೇಕು. ಅಗಲ ಕೋನದಲ್ಲಿ ಹೊಳೆ ನಿಜಕ್ಕಿಂತ ದೂರವಾಗಿಯೂ ಸಣ್ಣದಾಗಿಯೂ ಕಾಣುತ್ತದೆ. ಝೂಮ್ ಮಾಡಿದರೆ ಆಚೆ ದಡ ಹತ್ತಿರಕ್ಕೆ ಬಂದು ನೀರು ಉಕ್ಕಿದಂತೆ ತೋರುತ್ತದೆ. ಎರಡೂ ಸುಳ್ಳು ಹೇಳುತ್ತವೆ.

ಮಂಜಿನ ಬಿಳುಪನ್ನು ಕ್ಯಾಮೆರಾ ಹೆಚ್ಚು ಬೆಳಕು ಎಂದು ತಪ್ಪು ತಿಳಿದು ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಪರದೆಯ ಮೇಲೆ ಗುರುತಿನ ಮೆಟ್ಟಿಲನ್ನು ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಮೇಲಕ್ಕೆ ಎಳೆದರೆ ಸರಿಯಾಗುತ್ತದೆ. ಬೇರೆ ಕ್ಯಾಮೆರಾ ಇರುವವರು ಬೆಳಕಿನ ಅಳತೆಯಾದ ಸ್ಟಾಪ್‌ನಲ್ಲಿ ಮುಕ್ಕಾಲು ಅಥವಾ ಒಂದು ಹೆಚ್ಚಿಗೆ ಕೊಡಬಹುದು. ಷಟರ್ ವೇಗದ, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಡುವ ಹೊತ್ತಿನ, ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ: ನೀರನ್ನು ರೇಷ್ಮೆಯಂತೆ, ಹಾಲಿನಂತೆ ತೋರಿಸುವ ಅರ್ಧ ಸೆಕೆಂಡಿನ ಚಿತ್ರಗಳು ಗೋಡೆಗೆ ಚೆಂದ, ದಾಖಲೆಗೆ ಕೆಲಸಕ್ಕೆ ಬಾರವು. ಸುಳಿ, ಮಡಿಕೆ, ತೇಲುವ ಕಸ ಯಾವುದೂ ಅವುಗಳಲ್ಲಿ ಉಳಿಯುವುದಿಲ್ಲ. 1/250 ಸೆಕೆಂಡು, ಬೆಳಕು ಕಡಿಮೆಯಿದ್ದರೆ 1/125 ಇಟ್ಟುಕೊಂಡರೆ ನೀರಿನ ಮೈ ಕಾಣುತ್ತದೆ. ಫೋನಿನಲ್ಲಿ ರಾತ್ರಿ ಚಿತ್ರದ ವಿಧಾನ ತಾನಾಗಿಯೇ ಚಾಲೂ ಆಗುವಂತಿದ್ದರೆ ಅದನ್ನು ನಿಲ್ಲಿಸಿಡಬೇಕು, ಅದೂ ನೀರನ್ನು ಸವರಿಬಿಡುತ್ತದೆ.

ಚಿತ್ರ ಮೂರು ಸಾಕು: ಗುರುತು ಸಹಿತ ಇಡೀ ಹೊಳೆ, ಗುರುತಿನ ಹತ್ತಿರದ ನೋಟ, ಹೊಳೆ ಬರುವ ದಿಕ್ಕು. ಕೊನೆಗೆ ಹತ್ತು ಸೆಕೆಂಡಿನ ಒಂದು ವೀಡಿಯೊ, ಕೈ ಅಲ್ಲಾಡಿಸದೆ, ಎಡಬಲ ತಿರುಗಿಸದೆ, ಮಾತನಾಡದೆ. ಹೊಳೆಯ ಸದ್ದು ಅದರಲ್ಲಿ ಉಳಿಯುತ್ತದೆ. ತಳದ ಕಲ್ಲುಗಳು ಉರುಳುವ ಗುಡುಗುಡು ಸದ್ದು ಕೇಳುವ ದಿನಗಳನ್ನು ಆಮೇಲೆ ಕಿವಿಯಿಂದಲೇ ಗುರುತಿಸಬಹುದು.

ಕೊಡೆ ಮತ್ತು ಫೋನು ಎರಡನ್ನೂ ಹಿಡಿಯುವ ತೊಂದರೆಗೆ ಕೊಡೆಯ ಕೋಲನ್ನು ಹೆಗಲಿಗೂ ಕತ್ತಿಗೂ ನಡುವೆ ಸಿಕ್ಕಿಸುವುದೇ ನಮಗೆಲ್ಲ ಗೊತ್ತಿರುವ ಉಪಾಯ. ಗಾಳಿಯಿದ್ದರೆ ಕೊಡೆ ಮಡಚಿ, ತಳ ಕತ್ತರಿಸಿದ ಪ್ಲಾಸ್ಟಿಕ್ ಚೀಲದೊಳಗಿಂದ ಮಸೂರ ಮಾತ್ರ ಹೊರಗೆ ಬರುವಂತೆ ಹಿಡಿಯುವುದು ಮೇಲು. ಗಾಳಿಗೆ ಕೊಡೆ ಮಗುಚಿಕೊಂಡಾಗ ಮನುಷ್ಯ ತನಗರಿವಿಲ್ಲದೆ ಎರಡು ಹೆಜ್ಜೆ ಮುಂದಿಡುತ್ತಾನೆ, ಹೊಳೆಯ ಅಂಚಿನಲ್ಲಿ ಆ ಎರಡು ಹೆಜ್ಜೆ ಬಹಳ. ಮಸೂರ ಒರೆಸಲು ಹಳೆಯ ಪಂಚೆಯ ತುಂಡಿಗಿಂತ ಒಳ್ಳೆಯ ಬಟ್ಟೆ ಇಲ್ಲ.

ಮನೆಗೆ ಬಂದ ಮೇಲೆ

ಕಾಫಿ ಕುಡಿಯುವ ಮುಂಚೆ ಬರೆಯಬೇಕು, ಆಮೇಲೆ ಮರೆತುಹೋಗುತ್ತದೆ. ನನ್ನ ಪುಸ್ತಕದ ಸಾಲು ಹೀಗಿರುತ್ತದೆ: ‘ಜುಲೈ 22, ಪುಷ್ಯ ಮಳೆ. ಬೆಳಿಗ್ಗೆ 6.50. ಕಾಣುವ ಮೆಟ್ಟಿಲು 5, ನಿನ್ನೆ 8. ಹಾಲು ಹಾಕಿದ ಕಾಫಿ. ಕಸ ಹೆಚ್ಚು, ಒಂದು ಬಿದಿರ ಮೆಳೆ. 20 ಮೀಟರಿಗೆ 9 ಸೆಕೆಂಡು. ಅಂಗಳದ ಮಳೆ 3 ಇಂಚು 20 ಸೆಂಟು. ಏರುತ್ತಿದೆ.’ ಇದಕ್ಕಿಂತ ಉದ್ದ ಬರೆದರೆ ಹತ್ತು ದಿನದಲ್ಲಿ ಬೇಸರ ಬಂದು ಬಿಟ್ಟುಬಿಡುತ್ತೀರಿ.

ಇತರರಿಗೆ ಕಳುಹಿಸುವಾಗ ದಿನಾಂಕ, ಗಂಟೆ, ಜಾಗದ ಹೆಸರು ಚಿತ್ರದ ಮೇಲೆಯೇ ಇರಬೇಕು, ಕೆಳಗಿನ ಬರಹದಲ್ಲಿ ಅಲ್ಲ. ಈ ಪಾಠಕ್ಕೂ ನಾನೇ ಕಾರಣ. ಒಂದು ವರ್ಷ ಸೇತುವೆಗೆ ನೀರು ತಾಗುವಂತಿದ್ದ ಚಿತ್ರವೊಂದನ್ನು ಬರೀ ‘ಇವತ್ತಿನ ಹೊಳೆ’ ಎಂದು ಬರೆದು ಕಳುಹಿಸಿದ್ದೆ. ಮುಂದಿನ ವರ್ಷ ಜೂನ್‌ನಲ್ಲಿ, ಹೊಳೆಯಲ್ಲಿ ಇನ್ನೂ ಬಂಡೆಗಳು ಕಾಣುತ್ತಿರುವಾಗ, ಅದೇ ಚಿತ್ರ ‘ಈಗ ಬಂದ ಸುದ್ದಿ’ ಎಂಬ ತಲೆಬರಹ ಹೊತ್ತು ನನ್ನ ಫೋನಿಗೇ ಮರಳಿ ಬಂತು. ಬೆಂಗಳೂರಿನಲ್ಲಿರುವ ತಂಗಿ ಗಾಬರಿಯಿಂದ ಕರೆ ಮಾಡಿ, ‘ಅಣ್ಣಾ, ಅಮ್ಮನನ್ನು ಮೇಲಿನ ಮನೆಗೆ ಕರ್ಕೊಂಡು ಹೋಗಿ’ ಎಂದಳು. ಅಮ್ಮ ಆಗ ಅಂಗಳದಲ್ಲಿ ಕರಿಮೆಣಸು ಒಣಗಿಸುತ್ತಿದ್ದರು. ವಾಟ್ಸ್‌ಆ್ಯಪ್ ಮೂಲಕ ಚಿತ್ರವಾಗಿ ಕಳುಹಿಸಿದಾಗ ತೆಗೆದ ಸಮಯದ ಒಳಮಾಹಿತಿ ಉಳಿಯುವುದಿಲ್ಲ, ಗಾತ್ರವೂ ಕುಗ್ಗುತ್ತದೆ. ಮೂಲ ಚಿತ್ರವೇ ಬೇಕೆಂದವರಿಗೆ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ನೀರು ನುಗ್ಗಿದ ಮನೆಯ ಮುಂದೆ ನಿಂತವರ ಮುಖ ಚಿತ್ರದಲ್ಲಿ ಬಂದಿದ್ದರೆ ಅವರನ್ನು ಕೇಳದೆ ಯಾರಿಗೂ ಕಳುಹಿಸಬಾರದು.

ಇನ್ನು ಉಳಿದದ್ದು ಬೂಷ್ಟು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಚರ್ಮದ ಚಪ್ಪಲಿ, ಬೆಲ್ಟು, ಮದುವೆಯ ಕೋಟು ಎಲ್ಲವೂ ಹಸಿರಾಗುವ ಊರಿನಲ್ಲಿ ಕ್ಯಾಮೆರಾದ ಮಸೂರ ಮಾತ್ರ ಉಳಿದೀತೆಂದು ನಂಬುವಂತಿಲ್ಲ. ಮಸೂರದೊಳಗೆ ಜೇಡರ ಬಲೆಯಂಥ ಎಳೆ ಒಮ್ಮೆ ಹಿಡಿದರೆ ತೆಗೆಸುವ ಖರ್ಚಿಗೆ ಹೊಸದೇ ಬಂದೀತು. ಕ್ಯಾಮೆರಾವನ್ನು ಅದರ ಚೀಲದಲ್ಲಿಡದೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಬೇಕು. ಜೆಲ್ ಬಣ್ಣ ತಿರುಗಿದಾಗ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಹುರಿದು, ಆರಿದ ಮೇಲೆ ಮತ್ತೆ ಹಾಕಬಹುದು, ಆದರೆ ಆ ಬಾಣಲೆ ಅಡುಗೆಗೆ ಮರಳಬಾರದು. ತೇವಾಂಶ ತೋರಿಸುವ ಸಣ್ಣ ಮಾಪಕವೊಂದನ್ನು ಡಬ್ಬಿಯೊಳಗಿಟ್ಟು ಶೇಕಡಾ 40ರಿಂದ 50ರ ನಡುವೆ ನಿಲ್ಲಿಸಿಕೊಂಡರೆ ಸಾಕು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಕೆಲವರು ಅಲ್ಲಿಡುತ್ತಾರೆ. ಬೂಷ್ಟು ಹಿಡಿಯುವುದಿಲ್ಲ ನಿಜ, ಹೊಗೆಯ ಜಿಡ್ಡು ಹಿಡಿಯುತ್ತದೆ.

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದು ಹೊಳೆ ಇಳಿದ ಮೇಲೆ ಒಂದು ದಿನ ದಡಕ್ಕೆ ಹೋಗಿ ಗುರುತಿನ ಕಂಬ ವಾಲಿದೆಯೇ, ಮೆಟ್ಟಿಲಿನ ಮೇಲೆ ಮರಳು ಕೂತು ಲೆಕ್ಕ ತಪ್ಪುವಂತಾಗಿದೆಯೇ, ಎರಡು ಮರಗಳಲ್ಲಿ ಒಂದು ಹೊಳೆಯ ಪಾಲಾಗಿದೆಯೇ ಎಂದು ನೋಡಿ, ಟೇಪು ಹಿಡಿದು ಮತ್ತೆ ಅಳೆದು, ಹೊಸ ಅಂಕಿಯನ್ನು ಪುಸ್ತಕದ ಮುಂದಿನ ವರ್ಷದ ಮೊದಲ ಪುಟದಲ್ಲಿ ಬರೆದಿಡಬೇಕು. ಹೊಳೆ ಒಂದು ಮಳೆಗಾಲದಲ್ಲಿ ತಳದ ಮರಳನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿರುತ್ತದೆಯಾದ್ದರಿಂದ ಹಿಂದಿನ ವರ್ಷದ ಏಪ್ರಿಲ್ ಚಿತ್ರ ಈ ವರ್ಷಕ್ಕೆ ಆಗುವುದಿಲ್ಲ. ಬರುವ ಏಪ್ರಿಲ್‌ನಲ್ಲಿ ಅದೇ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ಇನ್ನೊಂದನ್ನು ತೆಗೆಯಬೇಕು.